ಬಿಲ್ಲಿಗೆ ಬಾರದ ಅರ್ಧ ಗಂಟೆ

ಲಾರಿಯ ಬ್ರೇಕಿಗೆ ಹೊಸ ಸಾಮಾನು ಕೂರಿಸಿದ ಮಾತ್ರಕ್ಕೆ ರಿಪೇರಿ ಮುಗಿಯುವುದಿಲ್ಲ. ಪೈಪಿನೊಳಗೆ ಸೇರಿಕೊಂಡ ಗಾಳಿ ಪೂರ್ತಿ ಹೊರಬಿದ್ದ ಮೇಲಷ್ಟೇ ಗಾಡಿ ಘಾಟಿ ಇಳಿಯಲು ಯೋಗ್ಯ.

ಹತ್ತು ಚಕ್ರದ ಲಾರಿಯಲ್ಲಿ ಗಾಳಿ ಇಲ್ಲದಿದ್ದರೆ ಬ್ರೇಕ್ ಇಲ್ಲ. ಅದರ ಪಕ್ಕ ನಿಂತ ಸಣ್ಣ ಲಾರಿ ಟಾಟಾ 407ರಲ್ಲಿ ಗಾಳಿ ಇದ್ದರೆ ಬ್ರೇಕ್ ಇಲ್ಲ. ದೊಡ್ಡ ಲಾರಿಗಳದ್ದು ಏರ್ ಬ್ರೇಕು. ಎಂಜಿನ್ನಿನ ಬಲದಿಂದ ಓಡುವ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತದೆ, ಪೆಡಲ್ ಒತ್ತಿದಾಗ ಆ ಗಾಳಿಯೇ ಚಕ್ರದ ಬಳಿ ಹೋಗಿ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತ ಲಾರಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಡ್ರೈವರು ಗೇಜಿನ ಮುಳ್ಳು ಮೇಲೇರುವ ತನಕ ಕಾಯುವುದು ಅದಕ್ಕೇ. ಸಣ್ಣ ಲಾರಿ, ಪಿಕಪ್‌ಗಳ ವಿಷಯ ಬೇರೆ. ಅಲ್ಲಿ ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಗ್ಯಾರೇಜಿನ ಮಾತಿನಲ್ಲಿ ‘ಬ್ರೇಕ್ ಆಯಿಲ್’ ಎನಿಸಿಕೊಳ್ಳುವ ದ್ರವ. ಅದರ ದಾರಿಯಲ್ಲಿ ಚೂರು ಗಾಳಿ ಸೇರಿದರೂ ಪೆಡಲ್ ಮೆತ್ತಗಾಗುತ್ತದೆ, ಗಾಡಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ಕರ್ನಾಟಕದಲ್ಲಿ ಈ ಸಣ್ಣ ಲಾರಿಗಳ ಬ್ರೇಕು ಸಣ್ಣ ವಿಷಯವಲ್ಲ. ಟಾಟಾ 407 ರಸ್ತೆಗಿಳಿದದ್ದು 1986ರಲ್ಲಿ. ಅಲ್ಲಿಂದೀಚೆಗೆ ಐಷರ್, ಬೊಲೆರೊ ಪಿಕಪ್, ದೋಸ್ತ್ ಹೀಗೆ ಒಂದೊಂದೇ ಬಂದು ಮಲೆನಾಡಿನ ಸಾಗಾಟವನ್ನು ಹಂಚಿಕೊಂಡಿವೆ. ತೋಟದ ಕಾಫಿ ಮೂಟೆ, ಶುಂಠಿ, ಬಾಳೆಗೊನೆ, ಅಡಿಕೆ, ಸಿಮೆಂಟು, ಗೊಬ್ಬರ ಎಲ್ಲ ಇವುಗಳ ಬೆನ್ನ ಮೇಲೆಯೇ. ಆಗುಂಬೆಯ ತಿರುವುಗಳಲ್ಲಿ ಭಾರೀ ಲಾರಿಗಳಿಗೆ ಪ್ರವೇಶವಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದಾಗ ಚಾರ್ಮಾಡಿಯಲ್ಲೂ ನಿರ್ಬಂಧ ಬೀಳುತ್ತದೆ. ದೊಡ್ಡದು ಹೋಗಲಾಗದ ಕಡೆ ಹೋಗುವುದು ಚಿಕ್ಕದೇ. ಅಂದರೆ ನಮ್ಮ ಕಡಿದಾದ ಇಳಿಜಾರುಗಳಲ್ಲಿ ಲೋಡ್ ಹೊತ್ತು ಇಳಿಯುವ ಎಷ್ಟೋ ಗಾಡಿಗಳು ನಿಲ್ಲುವುದು ಪೆನ್ಸಿಲಿನಷ್ಟೂ ದಪ್ಪವಿಲ್ಲದ ಲೋಹದ ಪೈಪಿನೊಳಗಿನ ದ್ರವದ ಬಲದಿಂದ.

ಒಂದು ಚಮಚ ಗಾಳಿಯ ಲೆಕ್ಕ

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೇ ಶತಮಾನದಲ್ಲಿ ಹೇಳಿದ ಈ ನಿಯಮವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತೇವೆ. ಅದು ಮೋಟಾರು ಗಾಡಿಯ ಚಕ್ರಕ್ಕೆ ಬಂದು ಮುಟ್ಟಲು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಇದ್ದ ಡ್ಯೂಸನ್‌ಬರ್ಗ್ ಕಾರು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1921ರಲ್ಲಿ. ಸರಳು, ಕೇಬಲ್ಲುಗಳ ಬ್ರೇಕನ್ನೇ ನಂಬಿಕೊಂಡಿದ್ದ ಫೋರ್ಡ್ ಕಾರುಗಳು ಹೈಡ್ರಾಲಿಕ್‌ಗೆ ಬಂದದ್ದು 1939ರ ಹೊತ್ತಿಗೆ.

ಈ ಏರ್ಪಾಡು ನಡೆಯುವುದು ದ್ರವ ಕುಗ್ಗುವುದಿಲ್ಲ ಎಂಬ ಒಂದೇ ಭರವಸೆಯ ಮೇಲೆ. ಡ್ರೈವರು ಪೆಡಲಿನ ಮೇಲೆ 20 ಕೆ.ಜಿ. ಭಾರ ಬಿಟ್ಟ ಎಂದುಕೊಳ್ಳಿ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ 100 ಕೆ.ಜಿ. ಪೆಡಲಿನ ಒತ್ತನ್ನು ದ್ರವಕ್ಕೆ ಕೊಡುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ಅಡ್ಡಳತೆ 25 ಮಿ.ಮೀ. ಇದ್ದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 20 ಕೆ.ಜಿ. ನಿರ್ವಾತದ ಬಲದಿಂದ ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿನ ಸಹಾಯ ಸೇರಿದರೆ ಇನ್ನೂ ಹೆಚ್ಚು. ಆ ಪಿಸ್ಟನ್ 30 ಮಿ.ಮೀ. ಮುಂದೆ ಹೋದರೆ ತಳ್ಳುವ ದ್ರವ ಮಾತ್ರ ಬರೀ 15 ಮಿ.ಲೀ. ಆಸುಪಾಸು. ನಾಲ್ಕೂ ಚಕ್ರದ ಲೈನರುಗಳು ಡ್ರಮ್ಮಿಗೆ ಹೋಗಿ ತಾಗಬೇಕಾದ್ದು, ತಾಗಿ ಬಿಗಿಯಬೇಕಾದ್ದು ಇಷ್ಟರಲ್ಲೇ.

ಈಗ ಪೈಪಿನಲ್ಲಿ ಎಲ್ಲೋ ಒಂದು ಟೀ ಚಮಚದಷ್ಟು, 5 ಮಿ.ಲೀ. ಗಾಳಿ ಸಿಕ್ಕಿಕೊಂಡಿದೆ ಎನ್ನಿ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಅಷ್ಟು ಒತ್ತಡಕ್ಕೆ ಆ 5 ಮಿ.ಲೀ. ಗಾಳಿ ಕಾಲು ಮಿ.ಲೀ. ಆಗಿಬಿಡುತ್ತದೆ. ಅಂದರೆ ಪೆಡಲ್ ತಳ್ಳಿದ ದ್ರವದಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರೇಕ್ ಹಿಡಿಯುವ ಬದಲು ಗಾಳಿಯನ್ನು ಹಿಂಡುವುದರಲ್ಲೇ ಖರ್ಚಾಯಿತು. ಉಳಿದದ್ದರಲ್ಲಿ ಲೈನರು ಡ್ರಮ್ಮಿಗೆ ತಾಗುವಷ್ಟರಲ್ಲಿ ಪೆಡಲ್ ನೆಲ ಮುಟ್ಟಿರುತ್ತದೆ. ಸಾಮಾನು ಹೊಸದು, ಕಂಪನಿ ಹೆಸರಿನದು, ಬಿಲ್ಲೂ ಇದೆ. ಬ್ರೇಕ್ ಮಾತ್ರ ಸಿಗುವುದಿಲ್ಲ.

ಗಾಳಿ ಒಳಗೆ ಬರುವುದು ನಾವು ಲೈನನ್ನು ಬಿಚ್ಚಿದಾಗ. ವೀಲ್ ಸಿಲಿಂಡರಿಗೆ ಹೊಸ ಕಿಟ್ ಹಾಕಿದರೂ, ತುಕ್ಕು ತಿಂದ ಪೈಪ್ ಬದಲಿಸಿದರೂ, ಬಿರುಕು ಬಿಟ್ಟ ರಬ್ಬರ್ ಹೋಸ್ ತೆಗೆದರೂ, ಮಾಸ್ಟರ್ ಸಿಲಿಂಡರನ್ನೇ ಹೊಸದು ಕೂರಿಸಿದರೂ ದ್ರವ ಸುರಿದುಹೋದ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಅದನ್ನು ಹೊರಗೆ ಹಾಕುವ ಕೆಲಸಕ್ಕೆ ಪುಸ್ತಕದಲ್ಲಿ ಬ್ಲೀಡಿಂಗ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ‘ಏರ್ ತೆಗೆಯೋದು’.

ಒಬ್ಬ ಮೇಲೆ, ಒಬ್ಬ ಕೆಳಗೆ

ಸಕಲೇಶಪುರದ ಕಡೆ, ಘಾಟಿಗೆ ಮುಂಚೆ ಸಿಗುವ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಈ ಕೆಲಸ ದಿನವೂ ನಡೆಯುತ್ತದೆ. ಒಂದು 407 ಬಂದು ನಿಂತಿದೆ. ಹಿಂದಿನ ಎಡಚಕ್ರದ ವೀಲ್ ಸಿಲಿಂಡರ್ ಸೋರಿ ಲೈನರೆಲ್ಲ ಒದ್ದೆಯಾಗಿತ್ತು. ಸಿಲಿಂಡರೂ ಹೊಸದು, ಲೈನರೂ ಹೊಸದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟಾಗಿದೆ. ಗ್ಯಾರೇಜಿನ ಹುಡುಗ ಕ್ಯಾಬಿನ್ನಿನಲ್ಲಿ ಕೂತಿದ್ದಾನೆ. ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಸರಿದಿದ್ದಾರೆ. ಡ್ರಮ್ಮಿನ ಹಿಂಬದಿಯ ತಗಡಿನಿಂದ ಹೊರಗೆ ಇಣುಕುವ ಪುಟ್ಟ ನಿಪ್ಪಲ್ಲಿನ ಸುತ್ತ ಕೂತ ಕೆಸರನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಅದಕ್ಕೆ ರಿಂಗ್ ಸ್ಪ್ಯಾನರ್ ಇಟ್ಟು, ಆಮೇಲೆ ತೆಳು ಪ್ಲಾಸ್ಟಿಕ್ ಪೈಪ್ ಸಿಕ್ಕಿಸುತ್ತಾರೆ. ಪೈಪಿನ ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರುತ್ತದೆ.

“ಒತ್ತು... ಬಿಡು... ಒತ್ತು... ಬಿಡು... ಒತ್ತಿ ಹಿಡ್ಕೋ.”

“ಹಿಡ್ಕೊಂಡಿದೀನಣ್ಣ.”

ಸ್ಪ್ಯಾನರ್ ಕಾಲು ಸುತ್ತು ತಿರುಗುತ್ತದೆ. ಪೈಪಿನೊಳಗೆ ಕಂದು ಬಣ್ಣದ ದ್ರವ ಉಗ್ಗುತ್ತಾ ಉಗ್ಗುತ್ತಾ ಬರುತ್ತದೆ, ಬಾಟಲಿಯ ತಳದಲ್ಲಿ ಗುಳುಗುಳು ಎನ್ನುತ್ತದೆ. ಮೇಲೆ ಹುಡುಗನ ಕಾಲಿನ ಕೆಳಗೆ ಪೆಡಲ್ ಇಳಿಯುತ್ತದೆ. “ಇಳೀತಣ್ಣ,” ಎನ್ನುತ್ತಾನೆ. ಆದರೂ ಕಾಲು ತೆಗೆಯುವಂತಿಲ್ಲ. ಮೇಸ್ತ್ರಿ ನಿಪ್ಪಲ್ ಬಿಗಿದು “ಹ್ಞಾಂ, ಬಿಡು” ಅಂದ ಮೇಲೆಯೇ ಬಿಡಬೇಕು. ಅದಕ್ಕೆ ಮುಂಚೆ ಪೆಡಲ್ ಮೇಲೆದ್ದರೆ ಹೊರಗೆ ಹೋದದ್ದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಮುಂಚೆ ನರ್ಸ್ ಪೈಪಿನ ಗುಳ್ಳೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ಓಡಿಸುವಾಗ ಇರುವ ಎಚ್ಚರವೇ ಇಲ್ಲಿಯೂ ಬೇಕು.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಾಗದ ಜಾಗದಲ್ಲಿದ್ದಾರೆ. ಮಾತೊಂದೇ ಆಧಾರ. ಅದಕ್ಕೇ ಅನುಭವಿ ಮೇಸ್ತ್ರಿ ಪೆಡಲಿಗೆ ಯಾರನ್ನೋ ಕೂರಿಸುವುದಿಲ್ಲ. ಗಾಡಿಯ ಕ್ಲೀನರ್ ಫೋನ್ ನೋಡುತ್ತಾ ಅವಸರದಲ್ಲಿ ದಬದಬ ಒತ್ತಿದರೆ ದ್ರವ ನೊರೆಯಾಗುತ್ತದೆ. ದೊಡ್ಡ ಗುಳ್ಳೆ ಒಡೆದು ನೂರು ಸಣ್ಣ ಗುಳ್ಳೆಯಾಗಿ ಪೈಪಿನ ಗೋಡೆಗೆ ಅಂಟಿಕೊಳ್ಳುತ್ತದೆ. ನಿಧಾನವಾಗಿ ಒತ್ತಬೇಕು, ನಿಧಾನವಾಗಿ ಬಿಡಬೇಕು. ಹಳೆಯ ಮಾಸ್ಟರ್ ಸಿಲಿಂಡರ್ ಇದ್ದರೆ ಪೆಡಲಿನ ಅಡಿಗೆ ಮರದ ತುಂಡೊಂದನ್ನು ಇಟ್ಟು, ಅದು ಕೊನೆಯ ತನಕ ಹೋಗದಂತೆ ತಡೆಯುವವರೂ ಇದ್ದಾರೆ. ದಿನನಿತ್ಯ ಪಿಸ್ಟನ್ ಓಡಾಡದ ಆ ಕೊನೆಯ ಭಾಗದಲ್ಲಿ ತುಕ್ಕು, ಕಸ ಕಟ್ಟಿರುತ್ತದೆ. ಏರ್ ತೆಗೆಯುವ ಭರದಲ್ಲಿ ರಬ್ಬರ್ ಸೀಲು ಅದರ ಮೇಲೆ ಹಾದು ಹರಿದರೆ, ವೀಲ್ ಸಿಲಿಂಡರ್ ರಿಪೇರಿಗೆ ಬಂದ ಗಾಡಿಗೆ ಮಾಸ್ಟರ್ ಸಿಲಿಂಡರಿನ ಖರ್ಚೂ ಬರುತ್ತದೆ.

ಇಷ್ಟೆಲ್ಲ ನಡೆಯುವಾಗ ಮಾಸ್ಟರ್ ಸಿಲಿಂಡರಿಗೆ ಆಯಿಲ್ ಉಣಿಸುವ ಮೇಲಿನ ಡಬ್ಬಿಯ ಕಡೆ ಒಂದು ಕಣ್ಣಿರಬೇಕು. ಅದರಲ್ಲಿ ಆಯಿಲ್ ತಳ ಕಂಡರೆ ಮಾಸ್ಟರ್ ಸಿಲಿಂಡರ್ ಗಾಳಿಯನ್ನೇ ಕುಡಿಯುತ್ತದೆ; ಆಗ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬಾಟಲಿಗೆ ಬಂದ ಹಳೆಯ ಆಯಿಲನ್ನೇ ಸೋಸಿ ಮತ್ತೆ ಸುರಿಯುವ ಉಳಿತಾಯವೂ ಬೇಡ. ಅದರಲ್ಲಿ ಗುಳ್ಳೆ, ಕಸ, ತೇವ ಮೂರೂ ಇರುತ್ತವೆ.

ದೂರದ ಚಕ್ರ ಮೊದಲು

ಯಾವ ಚಕ್ರದಿಂದ ಶುರು ಮಾಡಬೇಕು? ರೂಢಿಯ ನಿಯಮ ಸರಳ: ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ್ದು ಮೊದಲು. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ, ಮಾಸ್ಟರ್ ಸಿಲಿಂಡರೂ ಬಲಗಡೆ. ಹಾಗಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಉದ್ದದ ಪೈಪಿನ ಗಾಳಿ ಮೊದಲು ಹೋದರೆ ಉಳಿದದ್ದು ಸಲೀಸು. ಕೆಲವು ಗಾಡಿಗಳಲ್ಲಿ ಬ್ರೇಕ್ ಸರ್ಕಿಟ್ಟನ್ನು ಬೇರೆ ರೀತಿ ಹಂಚಿರುತ್ತಾರೆ. ಅಲ್ಲಿ ಕಂಪನಿಯ ಕೈಪಿಡಿ ಹೇಳಿದ ಕ್ರಮವೇ ಸರಿ.

ಮಾಸ್ಟರ್ ಸಿಲಿಂಡರನ್ನೇ ಬದಲಿಸಿದ್ದರೆ ಕೆಲಸ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಹೊಸ ಸಿಲಿಂಡರಿನ ಹೊಟ್ಟೆಯಲ್ಲಿರುವುದು ಬರೀ ಗಾಳಿ. ಅದನ್ನು ಹಾಗೆಯೇ ಗಾಡಿಗೆ ಕಟ್ಟಿ ಚಕ್ರದ ಕಡೆಯಿಂದ ತೆಗೆಯಲು ಹೊರಟರೆ ಸಂಜೆಯಾದರೂ ಪೆಡಲ್ ಗಟ್ಟಿಯಾಗದು. ವೈಸಿನಲ್ಲಿ ಹಿಡಿದು, ಹೊರಹೋಗುವ ತೂತುಗಳಿಗೆ ಪೈಪ್ ಕೊಟ್ಟು, ಪೈಪಿನ ತುದಿಯನ್ನು ಅದರದೇ ಡಬ್ಬಿಯ ಆಯಿಲ್‌ನಲ್ಲಿ ಮುಳುಗಿಸಿ, ಪಿಸ್ಟನ್ನನ್ನು ಮೆಲ್ಲಗೆ ಒತ್ತಿ ಒತ್ತಿ ಗುಳ್ಳೆ ನಿಲ್ಲಿಸಿಕೊಂಡ ಮೇಲೆ ಗಾಡಿಗೆ ಕಟ್ಟುವುದು ಕ್ರಮ. ಈಗಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದರ ಹಿಂದೆ ಒಂದು ಎರಡು ಪಿಸ್ಟನ್, ಎರಡು ಸರ್ಕಿಟ್. ಒಂದು ಕಡೆ ಪೈಪ್ ಒಡೆದರೂ ಇನ್ನೊಂದು ಕಡೆಯ ಬ್ರೇಕ್ ಉಳಿಯಲಿ ಎಂದು ಮಾಡಿದ ವ್ಯವಸ್ಥೆ ಅದು. ಎರಡರಲ್ಲೂ ಗಾಳಿ ಬಿಟ್ಟರೆ ಆ ಉಪಕಾರವೂ ಇಲ್ಲ.

ಸಣ್ಣ ಲಾರಿಗಳಲ್ಲಿ ಮೇಸ್ತ್ರಿಗಳನ್ನೂ ಸತಾಯಿಸುವುದು ಹಿಂದಿನ ಆಕ್ಸಲಿನ ಮೇಲಿನ ಲೋಡ್ ವಾಲ್ವು. ಒಂದು ಸರಳು ಅಥವಾ ಸ್ಪ್ರಿಂಗು ಅದನ್ನು ಆಕ್ಸಲಿಗೆ ಕಟ್ಟಿರುತ್ತದೆ. ಲೋಡ್ ಇದ್ದಾಗ ಛಾಸಿ ಕೆಳಗಿಳಿಯುತ್ತದೆ, ವಾಲ್ವು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಒತ್ತಡ ಕಡಿಮೆ ಮಾಡಿ ಹಿಂದಿನ ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ. ಈಗ ಛಾಸಿಗೆ ಜಾಕಿ ಕೊಟ್ಟು ಹಿಂಭಾಗ ಎತ್ತಿದ್ದೀರಿ, ಆಕ್ಸಲ್ ಜೋತಾಡುತ್ತಿದೆ. ಗಾಡಿ ಪೂರ್ತಿ ಖಾಲಿ ಇದೆ ಎಂದುಕೊಂಡ ವಾಲ್ವು ಹಿಂದಿನ ದಾರಿಯನ್ನು ಬಿಗಿ ಮಾಡುತ್ತದೆ. ಎಷ್ಟು ಪಂಪ್ ಮಾಡಿದರೂ ಹಿಂದಿನ ಚಕ್ರದಲ್ಲಿ ಆಯಿಲ್ ತೊಟ್ಟಿಕ್ಕುವುದೇ ಹೊರತು ಚಿಮ್ಮುವುದಿಲ್ಲ. ಗಾಡಿಯ ಭಾರ ಚಕ್ರದ ಮೇಲೆ ಇದ್ದಾಗಲೇ ಏರ್ ತೆಗೆಯಬೇಕು ಎನ್ನುವುದು ಅದಕ್ಕೆ.

ಡಿಸ್ಕ್ ಬ್ರೇಕ್ ಇರುವ ಪಿಕಪ್‌ಗಳಲ್ಲಿ ಇನ್ನೊಂದು ಎಡವಟ್ಟು ಸಾಧ್ಯ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತರೆ ನಿಪ್ಪಲ್ ಕೆಳಗಾಗುತ್ತದೆ. ಗಾಳಿ ಯಾವತ್ತೂ ಮೇಲೆ. ಕೆಳಗಿನ ನಿಪ್ಪಲ್ಲಿನಿಂದ ಡಬ್ಬಿಗಟ್ಟಲೆ ಆಯಿಲ್ ಹರಿಸಿದರೂ ಮೇಲಿನ ಗುಳ್ಳೆ ಅಲ್ಲೇ ಕೂತಿರುತ್ತದೆ.

ನಿಪ್ಪಲ್ಲಿಗೆ ವ್ಯಾಕ್ಯೂಮ್ ಪಂಪ್ ಇಟ್ಟು ಒಬ್ಬರೇ ಎಳೆಯುವ, ಇಲ್ಲವೇ ಡಬ್ಬಿಯ ಕಡೆಯಿಂದ ಒತ್ತಡ ಕೊಟ್ಟು ತಳ್ಳುವ ಸಲಕರಣೆಗಳು ಈಗ ಬಂದಿವೆ. ಎಬಿಎಸ್ ಇರುವ ಗಾಡಿಗಳಲ್ಲಿ ಅದರ ಘಟಕದೊಳಗೇ ಗಾಳಿ ಸೇರಿದ್ದರೆ, ಕವಾಟಗಳನ್ನು ತೆರೆಸಲು ಸ್ಕ್ಯಾನರ್ ಬೇಕಾಗಬಹುದು. ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಹೆಚ್ಚಾಗಿ ನಡೆಯುವುದು ಮಾತ್ರ ಇವತ್ತಿಗೂ ಇಬ್ಬರ ಕೆಲಸವೇ.

ಕಾಲಿಗೆ ತಿಳಿಯುವುದು

ನಾಲ್ಕು ಚಕ್ರವೂ ಮುಗಿದ ಮೇಲೆ ಮೇಸ್ತ್ರಿ ಪೆಡಲನ್ನು ತಾವೇ ಒತ್ತಿ ನೋಡುತ್ತಾರೆ. ಇಲ್ಲಿ ಮೂರು ರೀತಿಯ ದೋಷಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಪೆಡಲ್ ಒತ್ತಿದಷ್ಟೂ ಪುಟಿಯುತ್ತಿದ್ದರೆ ಗಾಳಿ ಇನ್ನೂ ಇದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡು-ಮೂರು ಪಂಪಿಗೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ತಪ್ಪು ಗಾಳಿಯದಲ್ಲದಿರಬಹುದು. ಲೈನರಿಗೂ ಡ್ರಮ್ಮಿಗೂ ಅಂತರ ಜಾಸ್ತಿ ಇದೆ, ಅಡ್ಜಸ್ಟ್ ಮಾಡಬೇಕು. ಗಟ್ಟಿಯಾಗಿಯೇ ಇದ್ದು, ಒತ್ತಿ ಹಿಡಿದಾಗ ಮೆಲ್ಲಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರಿನ ಸೀಲು ಹೋಗಿದೆ. ಮೂರಕ್ಕೂ ‘ಬ್ರೇಕ್ ಸಿಗ್ತಿಲ್ಲ’ ಎಂಬ ಒಂದೇ ದೂರು, ಮದ್ದು ಬೇರೆ ಬೇರೆ.

ಆಮೇಲೆ ಎಂಜಿನ್. ಬೂಸ್ಟರಿನಲ್ಲಿ ಉಳಿದ ನಿರ್ವಾತ ಖಾಲಿಯಾಗುವ ತನಕ ಪೆಡಲನ್ನು ಹಲವು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿದು ನಿಲ್ಲಬೇಕು. ಬೂಸ್ಟರ್ ಕೆಲಸಕ್ಕೆ ಬಂತು ಎಂದರ್ಥ. ಕೊನೆಗೆ ನಿಪ್ಪಲ್, ಪೈಪಿನ ಜೋಡಣೆಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಬಲವಾಗಿ ಒತ್ತಿಸಿ, ಮತ್ತೆ ತೇವ ಬಂತೇ ಎಂದು ಬೆರಳಿಟ್ಟು ನೋಡಬೇಕು. ಖಾಲಿ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ನೋಡುವುದು ಅದರ ನಂತರ. ಲೋಡ್ ಏರಿಸಿಕೊಂಡು ಘಾಟಿಯಲ್ಲೇ ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಬೇಡ.

ಘಾಟಿಯ ಬಿಸಿ, ಮಳೆಗಾಲದ ತೇವ

ರಿಪೇರಿಯ ದಿನ ತೆಗೆದ ಗಾಳಿ ಇನ್ನೊಂದು ವೇಷದಲ್ಲಿ ವಾಪಸು ಬರಬಹುದು. ಸಾಮಾನ್ಯ ಬ್ರೇಕ್ ಆಯಿಲ್, ಅಂದರೆ ಡಾಟ್ 3, ಡಾಟ್ 4 ಬಗೆಯದು, ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳದ ಸಂದಿನಿಂದ, ರಬ್ಬರ್ ಹೋಸಿನ ಮೂಲಕ ತೇವ ನಿಧಾನವಾಗಿ ಸೇರುತ್ತಲೇ ಇರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಸುಮಾರು ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿ. ಡಾಟ್ 4ರದ್ದು 230ರಿಂದ 155ಕ್ಕೆ ಇಳಿಯುತ್ತದೆ.

ಘಾಟಿ ಇಳಿಯುವಾಗ ಹುಟ್ಟುವ ಬಿಸಿ ಎಷ್ಟು? ಲೋಡ್ ಸೇರಿ 5 ಟನ್ ತೂಗುವ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ, ಡ್ರಮ್ಮುಗಳು ನುಂಗಬೇಕಾದ ಶಾಖದಲ್ಲಿ ಸುಮಾರು 78 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಆ ಬಿಸಿಯ ಒಂದು ಪಾಲು ವೀಲ್ ಸಿಲಿಂಡರಿಗೂ ಮುಟ್ಟುತ್ತದೆ. ತೇವ ಸೇರಿದ ಆಯಿಲ್ ಅಲ್ಲಿ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ, ಪೆಡಲ್ ನೆಲ ಕಚ್ಚುತ್ತದೆ. ಗಾಡಿ ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿ ಇರುತ್ತದೆ. ಆಗ ದೂರು ಡ್ರೈವರನ ಮೇಲೆ ಹೋಗುತ್ತದೆ. ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ಮಾತು ಈ ಬಿಸಿಯನ್ನು ಎಂಜಿನ್ನಿಗೂ ಹಂಚುವ ಉಪಾಯ.

ಹಾಗಾಗಿ ಬಾಯಿ ತೆರೆದು ಶೆಡ್ಡಿನ ಮೂಲೆಯಲ್ಲಿಟ್ಟ ಅರ್ಧ ಡಬ್ಬಿ ಆಯಿಲ್, ಅದೂ ಪಶ್ಚಿಮ ಘಟ್ಟದ ಮಳೆಗಾಲ ಕಂಡದ್ದು, ಬ್ರೇಕಿಗೆ ಯೋಗ್ಯವಲ್ಲ. ಎಂಜಿನ್ ಆಯಿಲ್ ಸುರಿಯುವುದು ಅದಕ್ಕಿಂತ ದೊಡ್ಡ ಅನಾಹುತ: ಬ್ರೇಕಿನ ರಬ್ಬರ್ ಸೀಲುಗಳು ಊದಿಕೊಂಡು ಒಂದೊಂದಾಗಿ ಕೈಕೊಡುತ್ತವೆ. ಡಾಟ್ 5 ಮತ್ತು ಡಾಟ್ 5.1 ಹೆಸರಿನಲ್ಲಿ ಅಕ್ಕಪಕ್ಕ, ಗುಣದಲ್ಲಿ ಬೇರೆ ಬೇರೆ. ಮೊದಲನೆಯದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಬೇಕು.

ಕೂಲಿಯ ಮಾತು

ಇಷ್ಟು ಕೆಲಸಕ್ಕೆ ಬಿಲ್ಲಿನಲ್ಲಿ ಎಷ್ಟು ಜಾಗ? ವೀಲ್ ಸಿಲಿಂಡರ್ ಒಂದು ಸಾಲು, ಲೈನರ್ ಒಂದು ಸಾಲು, ಆಯಿಲ್ ಒಂದು ಸಾಲು, ಕೂಲಿ ಒಟ್ಟಾರೆ ಒಂದು ಸಾಲು. ಏರ್ ತೆಗೆದ ಅರ್ಧ ಗಂಟೆ ಎಲ್ಲಿಯೂ ಕಾಣುವುದಿಲ್ಲ. ಮಾಲೀಕರು ಹೊಸ ಸಾಮಾನನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಹಳೆಯದನ್ನು ಕೇಳಿ ಪಡೆಯುತ್ತಾರೆ. ಹೊರಗೆ ಹೋದ ಗಾಳಿಯನ್ನು ತೋರಿಸುವುದು ಹೇಗೆ? ಲೋಡ್ ಕಾಯುತ್ತಿದೆ, ಮಂಡಿಯಿಂದ ಫೋನ್ ಬರುತ್ತಿದೆ, ಡ್ರೈವರು ಹಾರ್ನ್ ಒತ್ತುತ್ತಿದ್ದಾನೆ. ಅವಸರದಲ್ಲಿ ಮೊಟಕಾಗುವುದು ಕಣ್ಣಿಗೆ ಕಾಣದ ಕೆಲಸವೇ. ಬಿಚ್ಚಿದ ಚಕ್ರ ಒಂದರಲ್ಲೇ ಎರಡು ಸಲ ಪಂಪ್ ಹೊಡೆದು, “ಓಡ್ಸಿ, ಓಡ್ತಾ ಓಡ್ತಾ ಸರಿಹೋಗುತ್ತೆ” ಎಂದು ಕಳಿಸಿಬಿಡುವುದುಂಟು. ಲೈನರು ಓಡುತ್ತಾ ಕೂರಬಹುದು, ಪೈಪಿನ ಗಾಳಿ ಓಡುತ್ತಾ ಹೋಗುವುದಿಲ್ಲ.

ಇದಕ್ಕೆ ಮೇಸ್ತ್ರಿಯೊಬ್ಬರನ್ನೇ ದೂರಿ ಫಲವಿಲ್ಲ. ಲೆಕ್ಕಕ್ಕೆ ಬಾರದ ದುಡಿಮೆಯನ್ನು ದಿನವೂ ಪೂರ್ತಿಯಾಗಿ ಮಾಡಿ ಎಂದು ಕೇಳುತ್ತಿರುವವರು ನಾವು. ಗಾಡಿ ಬಿಡಿಸಿಕೊಳ್ಳುವಾಗ ಮಾಲೀಕರು ಕೇಳಬೇಕಾದ್ದು ಹೆಚ್ಚೇನಿಲ್ಲ: ನಾಲ್ಕೂ ಚಕ್ರದ ಏರ್ ತೆಗೆದಿರಾ, ಆಯಿಲ್ ಹೊಸ ಡಬ್ಬಿಯದಾ, ಗಾಡಿ ಓಡಿಸಿ ನೋಡಿದಿರಾ. ಕೇಳಿದ ಮೇಲೆ ಪೆಡಲನ್ನು ತಾವೂ ಒಮ್ಮೆ ಒತ್ತಿ ಹಿಡಿದು ನೋಡಲಿ. ಬಿಲ್ಲಿನಲ್ಲಿ ‘ಏರ್ ತೆಗೆದ ಕೂಲಿ’ ಎಂದು ಇನ್ನೊಂದು ಸಾಲು ಬರೆಸಿ, ಚೌಕಾಸಿ ಮಾಡದೆ ಕೊಡಲಿ. ಆ ಸಾಲು ಬಿಲ್ಲಿಗೆ ಬಂದ ದಿನ, ಅದರ ಹಿಂದಿನ ಅರ್ಧ ಗಂಟೆಯೂ ಗ್ಯಾರೇಜಿನ ದಿನಚರಿಗೆ ಬರುತ್ತದೆ.